ಅಜ್ಜನ ಕಾರ್ಖಾನೆ ಯಾರದ್ದು?

ಕಳೆದ ಭಾನುವಾರ ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗಾಗಿ ದೊಡ್ಡ ಹಾಳೆಯ ಮೇಲೆ ಗೆರೆ ಎಳೆದುಕೊಂಡು, ಮನೆಯಲ್ಲಿ ಯಾರು ಎಲ್ಲಿ ದುಡಿದರು, ಆ ಕಾರ್ಖಾನೆಯ ಮಾಲೀಕರು ಯಾರು ಎಂದು ತುಂಬುತ್ತಿದ್ದಳು. ಅಜ್ಜನ ಹೆಸರಿನ ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಂದು ಬರೆದು, "ಇದು ಯಾರದ್ದಪ್ಪಾ?" ಎಂದಳು. ಸರ್ಕಾರದ್ದು ಎಂದೆ. "ಹಾಗಾದ್ರೆ ಯಾರದ್ದೂ ಅಲ್ವಾ?" ಪುಣೆಯ ಪಕ್ಕದ ಚಿಂಚವಾಡದಲ್ಲಿ ಬೆಳೆದ ಮಗು, ಅವಳ ಗೆಳತಿಯರ ಅಪ್ಪಂದಿರು ಹೋಗುವ ಕಾರ್ಖಾನೆಗಳಿಗೆಲ್ಲ ಒಂದೊಂದು ಮನೆತನದ ಹೆಸರಿದೆ. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಆದರೂ ನನಗೆ ನಾಟಿತು.

ಭದ್ರಾವತಿಯ ಕಾರ್ಖಾನೆಯನ್ನು ಮೈಸೂರು ಸರ್ಕಾರ ಕಟ್ಟಿದ್ದು, ಅಷ್ಟು ಹಣ ಸುರಿದು ವರ್ಷಗಟ್ಟಲೆ ಕಾಯಬಲ್ಲ ಸಾಹುಕಾರರು ಆಗ ನಮ್ಮಲ್ಲಿ ಇಲ್ಲದಿದ್ದ ಕಾರಣಕ್ಕೆ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಇದೇ ಪುಣೆಯಲ್ಲಿ, ಅವರ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂರಿಸಿದ್ದು ಇಲ್ಲಿಯ ಖಡಕವಾಸಲಾ ಅಣೆಕಟ್ಟೆಯಲ್ಲಿ, 1903ರಲ್ಲಿ. ಅವರ ಕಾಲದಲ್ಲಿ ಬ್ಯಾಂಕು, ಗಂಧದೆಣ್ಣೆ, ಸಾಬೂನು ಎಲ್ಲಕ್ಕೂ ಸರ್ಕಾರವೇ ಮೊದಲು ಕೈಹಾಕಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ ಕರಗಿಸುವ ಭದ್ರಾವತಿಯ ಕುಲುಮೆ 1923ರಲ್ಲಿ ಹೊತ್ತಿಕೊಳ್ಳುವ ಹೊತ್ತಿಗೆ ಮೊದಲ ಮಹಾಯುದ್ಧದ ಕಾಲದ ಕಬ್ಬಿಣದ ಬೆಲೆ ಇಳಿದುಹೋಗಿ ನಷ್ಟ ಎದುರಾಯಿತು. ಖಾಸಗಿ ಒಡೆಯನಾಗಿದ್ದರೆ ಆಗಲೇ ಬಾಗಿಲು ಹಾಕಿರುತ್ತಿದ್ದನೇನೋ, ಸರ್ಕಾರ ತಾಳಿಕೊಂಡಿತು. ಆ ತಾಳ್ಮೆಯಿಂದಲೇ ನಮ್ಮ ಮನೆಯ ಒಲೆ ಉರಿದದ್ದು.

ಪುಣೆಯವರು ಇದನ್ನು ಬೇರೆ ರೀತಿ ನೋಡುತ್ತಾರೆ. ನಮ್ಮ ಕೆಳಗಿನ ಮನೆಯ ಕಾಕಾ ದೊಡ್ಡ ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ಟರ್ನರ್ ಆಗಿದ್ದು, ಕೆಲಸ ಬಿಟ್ಟು ಇಲ್ಲೇ ಹತ್ತಿರದ ಭೋಸರಿಯಲ್ಲಿ, ಲೋಹವನ್ನು ತಿರುಗಿಸಿ ಕಡೆಯುವ ಹಳೆಯ ಲೇತ್ ಯಂತ್ರವೊಂದನ್ನು ಕೊಂಡು ಶೆಡ್ ಹಾಕಿದವರು. ಅಲ್ಲಿ ನೆಲದ ತುಂಬ ಸುರುಳಿ ಸುರುಳಿಯಾದ ಕಬ್ಬಿಣದ ಚೂರು, ಅಂಗೈಯಗಲದ ಹಿತ್ತಾಳೆ ಬುಷ್, ಅದನ್ನು ಒರೆಸಿ ಮೈಕ್ರೋಮೀಟರಿಗೆ ಹಿಡಿಯುವ ಅವರ ದಪ್ಪ ಬೆರಳು. ತಾವು ಬಿಟ್ಟುಬಂದ ಕಂಪನಿಗೇ ಈಗ ಮಾಲು ಕೊಡುತ್ತಾರೆ. ಸರ್ಕಾರ ಜಾಗ, ನೀರು, ಕರೆಂಟು ಕೊಟ್ಟು ಪಕ್ಕಕ್ಕೆ ಸರಿಯಬೇಕು, ಅಷ್ಟೇ ಅದರ ಕೆಲಸ ಎಂಬುದು ಅವರ ಮಾತು.

ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ಚಿಂಚವಾಡದ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಪೆನಿಸಿಲಿನ್ ತಯಾರಿಸಲೆಂದು ಹಿಂದೂಸ್ತಾನ್ ಆಂಟಿಬಯೋಟಿಕ್ಸನ್ನು ಕಟ್ಟಿದ್ದು ಕೇಂದ್ರ ಸರ್ಕಾರವೇ, 1962ರಲ್ಲಿ ಎಂಐಡಿಸಿ ಎಂಬ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಹುಟ್ಟುಹಾಕಿ ರಸ್ತೆ, ನೀರಿನ ಸಮೇತ ನಿವೇಶನ ಹಂಚಿದ್ದು ಮಹಾರಾಷ್ಟ್ರ ಸರ್ಕಾರವೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆಗೂ 1910ರಲ್ಲಿ ನೆಲೆ ಸಿಕ್ಕಿದ್ದು ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟದ್ದರಿಂದ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆಯಲು ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹಿರಾಚಂದರ ಜೊತೆ ಹಣ ಹಾಕಿದ್ದು ಮೈಸೂರು ಸರ್ಕಾರ. ಒಂದು ಕೈಯಿಂದ ಚಪ್ಪಾಳೆ ಎಲ್ಲಿಯೂ ಆಗಿಲ್ಲ.

ಆದರೆ ಕಾಕಾರ ಶೆಡ್ಡಿನಿಂದ ಹೊರಬರುವಾಗ ಪ್ರತಿಸಲವೂ ನನಗೆ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಬೀದಿ ನೆನಪಾಗಿ ಸಂಕಟವಾಗುತ್ತದೆ. ಸೈರನ್ ಕೂಗಿದರೆ ಬೀದಿಗೆ ಬೀದಿಯೇ ಸೈಕಲ್ ಹತ್ತುತ್ತಿತ್ತು. ಕಬ್ಬಿಣದ ಬಣ್ಣ ನೋಡಿಯೇ ಅದರ ಹದ ಹೇಳಬಲ್ಲ ಫೌಂಡ್ರಿಯವರು, ಕಣ್ಣಂದಾಜಿನಲ್ಲಿ ಅಚ್ಚು ಕೂರಿಸಬಲ್ಲವರು ಅಲ್ಲಿದ್ದರು. ಅವರಲ್ಲಿ ಒಬ್ಬರಾದರೂ ನಿವೃತ್ತರಾದ ಮೇಲೆ ಸ್ವಂತಕ್ಕೆ ಒಂದು ಕುಲುಮೆ ಹಚ್ಚಿದ್ದನ್ನು ನಾನು ಕಾಣಲಿಲ್ಲ. ಮಗನನ್ನು ಒಳಗೆ ಸೇರಿಸಿದರೆ ಜನ್ಮ ಸಾರ್ಥಕ ಎಂದು ಎಲ್ಲರೂ ನಂಬಿದ್ದೆವು; ಗೇಟಿನ ಹೊರಗೂ ಕಬ್ಬಿಣದ ಕೆಲಸವಿದೆ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸರ್ಕಾರ ಕಾರ್ಖಾನೆ ಕಟ್ಟಿದ್ದನ್ನು ತಪ್ಪೆಂದು ನಾನು ಎಂದೂ ಹೇಳಲಾರೆ. ಅದರ ಸುತ್ತ ನೂರು ಭೋಸರಿಯ ಶೆಡ್ಡುಗಳು ಏಳುವಂತೆ ಅದೇ ಸರ್ಕಾರ ಜಾಗ, ಸಾಲ, ಆರ್ಡರು ಕೊಡಬೇಕಿತ್ತು. ಕಾರ್ಖಾನೆಯ ಉಸಿರು ಕಟ್ಟಿದಾಗ ಊರಿನ ಉಸಿರೂ ಕಟ್ಟಿದ್ದು ಆ ಕೊರತೆಯಿಂದ ಎಂದೇ ನನ್ನ ನಂಬಿಕೆ.

ಮಗಳಿಗೆ ಇಷ್ಟೆಲ್ಲ ಹೇಳಲಾಗದೆ ಬೀರುವಿನಿಂದ ಅಪ್ಪನ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಟ್ಟೆ. ಗೇಟಿನಲ್ಲಿ ಹಾಜರಿಗೆ ಕೊಟ್ಟು, ಸಂಜೆ ವಾಪಸು ಪಡೆಯುತ್ತಿದ್ದ ಆ ಬಿಲ್ಲೆಯ ಅಂಚು ಬೆರಳಿಗೆ ಸವೆದು ನುಣುಪಾಗಿದೆ. ಅವಳು ಅದನ್ನು ಹಾಳೆಯ ಕೆಳಗಿಟ್ಟು ಪೆನ್ಸಿಲಿನಿಂದ ಉಜ್ಜಿ ಅಜ್ಜನ ನಂಬರನ್ನು ಮೂಡಿಸಿಕೊಂಡಳು. ಮಾಲೀಕರು ಎಂದಿದ್ದ ಜಾಗದಲ್ಲಿ.