ಪಾರದರ್ಶಕ ಬ್ರೇಸಸ್ ಮತ್ತು ನನ್ನ ಕಂದುಗಟ್ಟಿದ ಹಲ್ಲುಗಳು

ಪಾವಗಡದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದ ನನ್ನ ಓರಗೆಯವರಲ್ಲಿ ಹಲವರ ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಮೀರಿತ್ತು. ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ ಆಗುವ ಹಾನಿ ಇದಾದ್ದರಿಂದ ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನನಗೆ ಇದರ ಜೊತೆಗೆ ಉಬ್ಬು ಹಲ್ಲೂ ಇತ್ತು. ಪ್ರೌಢಶಾಲೆಯಲ್ಲಿ ದಿನಕ್ಕೆ ಐದು ತರಗತಿ ತೆಗೆದುಕೊಳ್ಳುವ ನಾನು, ಪಾಠದ ನಡುವೆ ನಗು ಬಂದಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. 34ನೇ ವಯಸ್ಸಿನಲ್ಲಿ ಕ್ಲಿಪ್ ಹಾಕಿಸಿಕೊಳ್ಳುತ್ತೇನೆಂದಾಗ ಅಮ್ಮ, “ಮದುವೆಗೆ ಮುಂಚೆ ಮಾಡಿಸಬೇಕಿತ್ತು ಕಣೇ, ಈಗ ಯಾಕೆ?” ಎಂದರು. ಬಾಯಿ ಮುಚ್ಚಿಕೊಳ್ಳದೆ ನಗಬೇಕಮ್ಮ ಎಂದೆ. ಅವರು ಮತ್ತೆ ಬೇಡವೆನ್ನಲಿಲ್ಲ.

ಮೊದಲು ಹೋದ ಕ್ಲಿನಿಕ್‌ನಲ್ಲಿ ಸೆರಾಮಿಕ್ ಬ್ರೇಸಸ್ ಬಗ್ಗೆ ಹೇಳಿದ್ದು ಒಂದೇ ಮಾತು: ಹಾಕಿದ್ದು ಯಾರಿಗೂ ಕಾಣಿಸುವುದೇ ಇಲ್ಲ. ಇದು ಪೂರ್ತಿ ನಿಜವಲ್ಲ. ಹಲ್ಲಿಗೆ ಅಂಟಿಸುವ ಬ್ರಾಕೆಟ್ ಮಾತ್ರ ಸೆರಾಮಿಕ್ಕಿನದು. ಅದರ ಮೂಲಕ ಹಾಯುವ ತಂತಿ ಮೊದಮೊದಲು ನಿಕಲ್-ಟೈಟಾನಿಯಂ ಮಿಶ್ರಲೋಹದ್ದು, ಆಮೇಲೆ ಸಾಮಾನ್ಯವಾಗಿ ಉಕ್ಕಿನದು. ಬಿಳಿ ಲೇಪನದ ತಂತಿಗಳೂ ಇವೆ, ಆದರೆ ತಿನ್ನುವಾಗ ಉಜ್ಜುವಾಗ ಆ ಲೇಪನ ಸುಲಿದು ಹೋಗುವುದುಂಟು. ಹತ್ತಿರದಿಂದ ನೋಡಿದವರಿಗೆ ತಂತಿ ಕಾಣುತ್ತದೆ, ತರಗತಿಯ ಕೊನೆಯ ಬೆಂಚಿಗೆ ಕಾಣುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅಷ್ಟೇ.

ತುಮಕೂರಿನಲ್ಲಿ ಸಿಕ್ಕ ಎರಡನೆಯ ವೈದ್ಯರು ಎಕ್ಸ್‌ರೇ ಮುಂದಿಟ್ಟುಕೊಂಡು ಅರ್ಧ ಗಂಟೆ ವಿವರಿಸಿದರು. ಈ ಬ್ರಾಕೆಟ್‌ಗಳು ಅಲ್ಯುಮಿನಾದಿಂದ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್‌ನಿಂದ ಆದವು. ಅದರ ಸಣ್ಣ ಹರಳುಗಳನ್ನು ಒತ್ತಿ ಬೇಯಿಸಿ ಮಾಡಿದ್ದು ಹಾಲುಬಿಳುಪಿನ, ಹಲ್ಲಿನ ಬಣ್ಣದ ಬ್ರಾಕೆಟ್; ಒಂದೇ ಹರಳಿನಿಂದ ಕಡೆದದ್ದು ಗಾಜಿನಂತೆ ಪಾರದರ್ಶಕ. ಎರಡನೆಯದು ನೀಲಮಣಿಯದೇ ಪದಾರ್ಥ, ಬಣ್ಣವಿಲ್ಲ ಅಷ್ಟೆ. ಬಿಳಿ ಹಲ್ಲಿನವರಿಗೆ ಇವೆರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣಲಾರದು. ಆದರೆ ನನ್ನ ಹಲ್ಲಿನ ಮೇಲೆ ಹಾಲುಬಿಳುಪಿನ ಬ್ರಾಕೆಟ್ ಹಿಡಿದು ಕನ್ನಡಿ ತೋರಿಸಿದಾಗ, ಕಂದು ಹಿನ್ನೆಲೆಯಲ್ಲಿ ಅದು ಚುಕ್ಕಿ ಇಟ್ಟಂತೆ ಎದ್ದು ಕಂಡಿತು. ಪಾರದರ್ಶಕದ್ದು ಹಲ್ಲಿನ ಬಣ್ಣವನ್ನೇ ತನ್ನ ಮೂಲಕ ತೋರಿಸಿ ಅದರೊಳಗೆ ಸೇರಿಹೋಯಿತು. ನನ್ನಂತೆ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದಾದ ಹಲ್ಲಿನ ಹಾನಿ, ಇರುವವರು ಕ್ಯಾಟಲಾಗಿನ ಚಿತ್ರ ನೋಡಿ ತೀರ್ಮಾನಿಸದೆ, ತಮ್ಮ ಹಲ್ಲಿನ ಮೇಲೆಯೇ ಎರಡನ್ನೂ ಹಿಡಿದು ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಬಣ್ಣಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವನ್ನೂ ಅವರೇ ಎತ್ತಿದರು. ಬ್ರಾಕೆಟ್ ಅಂಟಿಸುವ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚಿ ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್ಲನ್ನು ತುಸು ಒರಟಾಗಿಸುತ್ತಾರೆ. ಫ್ಲೋರೋಸಿಸ್ ಆದ ಎನಾಮಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಅಂಟು ಸರಿಯಾಗಿ ಹಿಡಿಯದೆ ಬ್ರಾಕೆಟ್ ಕಳಚುವ ಸಾಧ್ಯತೆ ಹೆಚ್ಚು. ತೆಗೆಯುವಾಗಿನ ಕಷ್ಟ ಬೇರೆಯದು: ಉಕ್ಕಿನ ಬ್ರಾಕೆಟ್ ಇಕ್ಕಳಕ್ಕೆ ಬಾಗಿ ಸುಲಿದು ಬರುತ್ತದೆ, ಸೆರಾಮಿಕ್ ಬಾಗುವುದಿಲ್ಲ, ಒಡೆಯುತ್ತದೆ, ಒತ್ತಡ ಎನಾಮಲ್ಲಿಗೆ ತಗಲುತ್ತದೆ. 1980ರ ದಶಕದಲ್ಲಿ ಬಂದ ಮೊದಮೊದಲ ಸೆರಾಮಿಕ್ ಬ್ರಾಕೆಟ್‌ಗಳನ್ನು ರಾಸಾಯನಿಕವಾಗಿ ಬಿಗಿಯಾಗಿ ಅಂಟಿಸುತ್ತಿದ್ದುದರಿಂದ, ತೆಗೆಯುವಾಗ ಎನಾಮಲ್ಲಿನ ಚಕ್ಕೆಯೇ ಎದ್ದುಬಂದದ್ದುಂಟು. ಹಾಗಾಗಿ ನನಗೆ ಆರಿಸಿದ್ದು ಬುಡದ ಒರಟು ಮೈಯಿಂದಲೇ ಅಂಟನ್ನು ಹಿಡಿದುಕೊಳ್ಳುವ ಬಗೆಯದು.

ಆದರೆ ಕೆಳಗಿನ ಸಾಲಿಗೆ ಸೆರಾಮಿಕ್ ಹಾಕಲು ಅವರು ಒಪ್ಪಲಿಲ್ಲ. ನನ್ನ ಮೇಲಿನ ಬಾಚಿಹಲ್ಲುಗಳು ಕೆಳಗಿನವನ್ನು ಬಹಳ ಆಳಕ್ಕೆ ಮುಚ್ಚುತ್ತವೆ. ಸೆರಾಮಿಕ್ ಎನಾಮಲ್ಲಿಗಿಂತ ಗಟ್ಟಿ. ಅಗಿಯುವಾಗಲೆಲ್ಲ ಮೇಲಿನ ಹಲ್ಲು ಅದಕ್ಕೆ ಉಜ್ಜಿ ಸವೆಯುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕೆಳಗೆ ಉಕ್ಕು, ಮೇಲೆ ಸೆರಾಮಿಕ್ ಎಂದು ತೀರ್ಮಾನವಾಯಿತು. ಎರಡೂ ಸಾಲಿಗೆ ಉಕ್ಕಿನದನ್ನೇ ಹಾಕಿಸುವುದಕ್ಕಿಂತ ಸುಮಾರು 15,000 ರೂಪಾಯಿ ಹೆಚ್ಚಾಯಿತು, ಕಂತಿನಲ್ಲಿ ಕಟ್ಟಿದೆ. ಬೇಡವೆಂದು ಹೇಳಿ ಹಣ ಬಿಟ್ಟುಕೊಟ್ಟ ಆ ವೈದ್ಯರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲೇ.

ಊಟದ ವಿಷಯದಲ್ಲಿ ಮುದ್ದೆ ತಿನ್ನುವವರು ಪುಣ್ಯವಂತರು. ಅಗಿಯದೆ ನುಂಗುವುದರಿಂದ ಮೊದಲ ವಾರದ ನೋವಿನಲ್ಲೂ ಹೊಟ್ಟೆ ತುಂಬುತ್ತದೆ. ತೊಂದರೆ ಕೊಟ್ಟದ್ದು ಸಾರಿನ ಅರಿಶಿನ. ಸೆರಾಮಿಕ್ ಬ್ರಾಕೆಟ್ ಬಣ್ಣ ಹೀರುವುದಿಲ್ಲ, ಆದರೆ ತಂತಿಯನ್ನು ಬ್ರಾಕೆಟ್‌ಗೆ ಕಟ್ಟುವ ಬಣ್ಣವಿಲ್ಲದ ಪುಟ್ಟ ರಬ್ಬರ್ ಉಂಗುರ ಎರಡೇ ದಿನದಲ್ಲಿ ಹಳದಿಯಾಗುತ್ತದೆ. ತಿಂಗಳಿಗೊಮ್ಮೆ ಉಂಗುರ ಬದಲಾಯಿಸುವವರೆಗೂ ಅದು ಹಾಗೆಯೇ. ಈಗ ತಿಳಿಬೂದು ಬಣ್ಣದ ಉಂಗುರ ಕೇಳಿ ಹಾಕಿಸಿಕೊಳ್ಳುತ್ತೇನೆ, ಅದರಲ್ಲಿ ಕಲೆ ಅಷ್ಟಾಗಿ ತೋರದು. ಸಂಕ್ರಾಂತಿಗೆ ಕಬ್ಬನ್ನು ಮುಟ್ಟಲಿಲ್ಲ. ಆದರೂ ಎಳ್ಳುಬೆಲ್ಲದ ಕೊಬ್ಬರಿ ಚೂರೊಂದು ಸಾಕಾಯಿತು, ಬ್ರಾಕೆಟ್‌ನಲ್ಲಿ ಉಂಗುರ ಸಿಕ್ಕಿಸುವ ಒಂದು ರೆಕ್ಕೆ ಮುರಿದು ನಾಲಿಗೆಗೆ ಸಿಕ್ಕಿತು. ಉಕ್ಕಿನದಾಗಿದ್ದರೆ ಮುರಿಯುತ್ತಿರಲಿಲ್ಲ.

ಜಾಗ ಮಾಡಲು ಮೇಲಿನ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲನ್ನು ಕೀಳಿಸಿದ್ದೆ. ಹಲ್ಲು ಸರಿಯುವುದೆಂದರೆ, ಒತ್ತಿದ ಕಡೆ ಮೂಳೆ ಕರಗಿ, ಬಿಟ್ಟ ಕಡೆ ಹೊಸ ಮೂಳೆ ಕಟ್ಟುವುದು. ತಿಂಗಳಿಗೆ ಹೆಚ್ಚೆಂದರೆ ಸುಮಾರು ಒಂದು ಮಿಲಿಮೀಟರ್. ಸೆರಾಮಿಕ್ಕಿನ ತೋಡಿನಲ್ಲಿ ತಂತಿ ಉಕ್ಕಿನಲ್ಲಿ ಜಾರುವಷ್ಟು ಸಲೀಸಾಗಿ ಜಾರುವುದಿಲ್ಲವೆಂದೂ ಮೊದಲೇ ತಿಳಿಸಿದ್ದರು. ಹದಿನಾಲ್ಕು ತಿಂಗಳಾದ ಮೇಲೆ ಈ ಶನಿವಾರ ಅಳೆದಾಗ ಎಡಗಡೆ ಅಂತರ ಮುಚ್ಚಿತ್ತು, ಬಲಗಡೆ ಇನ್ನೂ ಎರಡು ಮಿಲಿಮೀಟರ್ ಉಳಿದಿದೆ. ತುಟಿಗಳು ಮಾತ್ರ ಈಗ ಪ್ರಯತ್ನವಿಲ್ಲದೆ ಒಂದಕ್ಕೊಂದು ಸೇರುತ್ತವೆ.