ನಿವೃತ್ತಿಯ ನಂತರ ಕ್ಯಾಟಮರನ್: ಗಂಟೆಗಳ ಲೆಕ್ಕ, ಕಿಲೋಗಳ ಲೆಕ್ಕ

ಸಾಗರ ದಾಟುವ ಕ್ಯಾಟಮರನ್, ಅಂದರೆ ಎರಡು ಒಡಲುಗಳ (ನೀರಲ್ಲಿ ತೇಲುವ ಉದ್ದ ಮೈಗಳ) ಹಾಯಿದೋಣಿಯನ್ನು ಸ್ವತಃ ಕಟ್ಟಬೇಕೆಂದು ಹೊರಟ ನಿವೃತ್ತರು ಮೊದಲು ಕೇಳುವುದು ಎಷ್ಟು ಉದ್ದದ್ದು ಕಟ್ಟಬೇಕು ಎಂದು. ಮನಸ್ಸಿನಲ್ಲಿ ಇರುವುದಕ್ಕಿಂತ ಎರಡು ಮೀಟರ್ ಕಡಿಮೆ, ಇದೇ ಉತ್ತರ. 10 ಮೀಟರಿನ ಕ್ಯಾಟಮರನ್‌ಗೂ 12 ಮೀಟರಿನದ್ದಕ್ಕೂ ಉದ್ದದಲ್ಲಿ ಶೇಕಡಾ 20ರಷ್ಟೇ ವ್ಯತ್ಯಾಸ. ಆದರೆ ಉದ್ದ, ಅಗಲ, ಎತ್ತರ ಮೂರೂ ಒಟ್ಟಿಗೆ ಬೆಳೆಯುವುದರಿಂದ ತೂಕ 1.2ರ ಘನ, ಅಂದರೆ ಸುಮಾರು 1.73 ಪಟ್ಟು ಆಗುತ್ತದೆ. ಪ್ಲೈವುಡ್, ರೆಸಿನ್, ಹಾಯಿ, ಲಂಗರು, ಹಗ್ಗದ ದಪ್ಪ, ಕೆಲಸದ ಗಂಟೆ ಎಲ್ಲವೂ ಅದರ ಹಿಂದೆಯೇ ಏರುತ್ತವೆ.

ಒಬ್ಬರೇ ಕಟ್ಟುವ 11–12 ಮೀಟರಿನ ದೋಣಿಗೆ 5,000ದಿಂದ 10,000 ಗಂಟೆ ಹಿಡಿಯುವುದು ಅಪರೂಪವಲ್ಲ. ವಾರಕ್ಕೆ 30 ಗಂಟೆ, ವರ್ಷಕ್ಕೆ 45 ವಾರ ದುಡಿದರೆ ಸಿಗುವುದು 1,350 ಗಂಟೆ. 6,000 ಗಂಟೆಯ ದೋಣಿಗೆ ನಾಲ್ಕೂವರೆ ವರ್ಷ ಬೇಕು. 60ಕ್ಕೆ ಶುರು ಮಾಡಿದವರಿಗೆ ನೀರಿಗಿಳಿಸುವ ಹೊತ್ತಿಗೆ 65 ಸಮೀಪಿಸಿರುತ್ತದೆ, ಪಳಗಿಸಲು ಇನ್ನೊಂದು ವರ್ಷ. ಆದ್ದರಿಂದ ಹೊರಡಬೇಕೆಂದಿರುವ ವರ್ಷದಿಂದ ಹಿಂದಕ್ಕೆ ಎಣಿಸಿ, ಸಿಗುವ ಗಂಟೆಗಳಿಗೆ ತಕ್ಕ ವಿನ್ಯಾಸ ಆರಿಸಿ. ಇನ್ನೊಂದು ಎಚ್ಚರಿಕೆ: ಎರಡೂ ಒಡಲು ಎದ್ದು ನಿಂತಾಗ ಮುಗಿಯಿತು ಅನಿಸುತ್ತದೆ. ವಾಸ್ತವದಲ್ಲಿ ಅದು ಒಟ್ಟು ಕೆಲಸ ಮತ್ತು ಖರ್ಚಿನ ಮೂರನೇ ಒಂದು ಭಾಗದಷ್ಟೇ. ಹಾಯಿಕಂಬ, ಹಾಯಿ, ಇಂಜಿನ್, ವೈರಿಂಗ್, ಕಿಟಕಿ, ಬಣ್ಣ ಎಲ್ಲವೂ ಬಾಕಿ.

ಸರಳ ದೋಣಿಯೂ ಸಾಗರ ದಾಟಬಲ್ಲದು ಎಂಬುದು ಹೊಸ ವಿಷಯವಲ್ಲ. ಬ್ರಿಟನ್ನಿನ ಜೇಮ್ಸ್ ವಾರಮ್ 1954ರಲ್ಲಿ ಕಟ್ಟಿದ ‘ಟಾಂಗರೋವಾ’ದ ಉದ್ದ ಸುಮಾರು 7 ಮೀಟರ್. ಅದರಲ್ಲೇ ಅವರು ಇಬ್ಬರು ಜರ್ಮನ್ ಸಂಗಾತಿಗಳೊಂದಿಗೆ ಅಟ್ಲಾಂಟಿಕ್ ದಾಟಿದರು. ಮುಂದೆ 12 ಮೀಟರಿನ ‘ರಾಂಗೊ’ ಕಟ್ಟಿ, 1959ರಲ್ಲಿ ಉತ್ತರ ಅಟ್ಲಾಂಟಿಕ್ ಅನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರು. ಅವರ ವಿನ್ಯಾಸಗಳಲ್ಲಿ ಅಡ್ಡತೊಲೆಗಳನ್ನು ಒಡಲಿಗೆ ಹಗ್ಗದಿಂದ ಬಿಗಿಯುತ್ತಾರೆ. ಓರೆಯಾಗಿ ಬರುವ ಅಲೆ ಒಂದು ಒಡಲಿನ ಮುಂತುದಿಯನ್ನೂ ಇನ್ನೊಂದರ ಹಿಂತುದಿಯನ್ನೂ ಎತ್ತಿದಾಗ ಇಡೀ ದೋಣಿ ತಿರುಚಿಕೊಳ್ಳುತ್ತದೆ. ಹಗ್ಗದ ಕಟ್ಟು ಒಂದಿಷ್ಟು ಬಾಗಿ ಆ ಬಲವನ್ನು ಹಂಚಿಬಿಡುತ್ತದೆ. ಮೇಲುಡೆಕ್ಕಿನಲ್ಲಿ ದೊಡ್ಡ ಕೋಣೆಯಿರುವ ಗಟ್ಟಿ ರಚನೆಯಲ್ಲಿ ಇದೇ ತಿರುಚು ಮುಖ್ಯ ಅಡ್ಡಗೋಡೆಗಳ ಮೇಲೆ ಬೀಳುತ್ತದೆ. ಅಂಥ ದೋಣಿಯಲ್ಲಿ ಅಡ್ಡಗೋಡೆ ಒಂದು ಒಡಲಿನಿಂದ ಇನ್ನೊಂದಕ್ಕೆ ಕಡಿಯದೆ ಸಾಗಬೇಕು. ಬಾಗಿಲಿಗೆಂದು ಅದರಲ್ಲಿ ಮನಬಂದಂತೆ ತೂತು ಕೊರೆಯುವುದು ದೊಡ್ಡ ತಪ್ಪು. ಇಬ್ಬರೇ ಹೋಗುವುದಾದರೆ, ಕೈಯಲ್ಲಿರುವ ವರ್ಷ ಕಡಿಮೆಯಾದರೆ, ನನ್ನ ಮತ ಹಗ್ಗ ಕಟ್ಟುವ ಬಯಲು ಡೆಕ್ಕಿನ ಪರವಾಗಿದೆ. ಮಳೆಯಲ್ಲಿ ಒದ್ದೆಯಾಗಬೇಕಾಗುತ್ತದೆ, ನಿಜ.

ಇನ್ನು ತೂಕ. ಕ್ಯಾಟಮರನ್ ವೇಗವಾಗಿ ಹೋಗುವುದು ಒಡಲು ತೆಳ್ಳಗಿರುವುದರಿಂದ. ನೀರಿನ ಮಟ್ಟದಲ್ಲಿ ಉದ್ದ–ಅಗಲದ ಅನುಪಾತ 10:1ರ ಆಸುಪಾಸು ಇದ್ದರೆ ಒಳ್ಳೆಯದು, 8:1ಕ್ಕಿಂತ ಕೆಳಗಿಳಿದರೆ ಲಾಭ ಕರಗುತ್ತದೆ. ಅದೇ ತೆಳು ಒಡಲಿಗೆ ಭಾರ ಹೊರುವ ಶಕ್ತಿ ಕಡಿಮೆ. ಲೆಕ್ಕ ಹಾಕಿ ನೋಡಿ: ನೀರುಮಟ್ಟದಲ್ಲಿ 9.5 ಮೀಟರ್ ಉದ್ದ, 0.9 ಮೀಟರ್ ಅಗಲ, ತುದಿಗಳು ಚೂಪಾಗುವುದಕ್ಕೆ 0.7ರಿಂದ ಗುಣಿಸಿದರೆ ಒಂದೊಂದು ಒಡಲಿಗೆ 6 ಚದರ ಮೀಟರ್, ಎರಡಕ್ಕೆ 12. ಸಮುದ್ರದ ನೀರು ಘನ ಮೀಟರಿಗೆ 1,025 ಕಿಲೋ. ಅಂದರೆ ದೋಣಿ ಒಂದು ಸೆಂಟಿಮೀಟರ್ ಮುಳುಗಲು ಸುಮಾರು 123 ಕಿಲೋ ಸಾಕು, ಒಂದು ಟನ್ ಹೆಚ್ಚಾದರೆ 8 ಸೆಂಟಿಮೀಟರ್ ಕೆಳಗೆ. ಒಡಲುಗಳ ನಡುವಿನ ತಳ ಮತ್ತು ನೀರಿನ ನಡುವೆ ಇರಬೇಕಾದ ಅಂತರ ದೋಣಿಯ ಉದ್ದದ ಶೇಕಡಾ 6ರಷ್ಟು, 10 ಮೀಟರಿಗೆ 60 ಸೆಂಟಿಮೀಟರ್. ಅದರಲ್ಲಿ 8 ಹೋದರೆ ಅಲೆಗಳು ತಳಕ್ಕೆ ಬಡಿಯುವುದು ರಾತ್ರಿಯಿಡೀ ಕೇಳಿಸುತ್ತದೆ. ಒಳಗಿನವರು ನಿದ್ದೆಗೆಡುತ್ತಾರೆ, ಕೀಲುಗಳೂ ದಣಿಯುತ್ತವೆ.

ತೂಕ ಒಂದೇ ಸಲ ಬರುವುದಿಲ್ಲ, ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಹೊರಮೈ ನಯವಾಗಲೆಂದು 60 ಚದರ ಮೀಟರಿಗೆ ಸರಾಸರಿ 2 ಮಿಲಿಮೀಟರ್ ಫೇರಿಂಗ್ ಪುಟ್ಟಿ ಬಳಿದರೆ 120 ಲೀಟರ್, ಹಗುರ ಪುಟ್ಟಿಯಾದರೂ 80 ಕಿಲೋ ದಾಟುತ್ತದೆ. 6 ಮಿಲಿಮೀಟರ್ ಪ್ಲೈವುಡ್ ಸಾಕಾಗುವ ಕಡೆ “ಇರಲಿ, ಗಟ್ಟಿಯಾಗಲಿ” ಎಂದು 9 ಹಾಕುವುದು ಇದಕ್ಕಿಂತ ಕೆಟ್ಟದ್ದು. ಶೆಡ್ಡಿನ ಬಾಗಿಲಲ್ಲಿ ಒಂದು ತಕ್ಕಡಿ ಇಟ್ಟು, ದೋಣಿಯೊಳಗೆ ಹೋಗುವ ಪ್ರತಿ ವಸ್ತುವನ್ನೂ ತೂಗಿ ಬರೆದಿಡುವುದು ಅತಿ ಅನಿಸಬಹುದು. ಬರೆಯದವರ ದೋಣಿಯೇ ನೀರುಗೆರೆಗಿಂತ ಕೆಳಗೆ ಕೂರುತ್ತದೆ.

ಪ್ಲೈವುಡ್ ಮರೈನ್ ದರ್ಜೆಯದ್ದೇ ಆಗಿರಬೇಕು, ಬಿ.ಎಸ್. 1088 (ಮರೈನ್ ಪ್ಲೈವುಡ್ಡಿನ ಬ್ರಿಟಿಷ್ ಮಾನದಂಡ) ಗುರುತು ಇದ್ದರೂ ಪರೀಕ್ಷಿಸಿಯೇ ಕೊಳ್ಳಿ. ಒಂದು ತುಂಡನ್ನು ಕೆಲವು ಗಂಟೆ ಕುದಿಸಿ, ಒಣಗಿಸಿ, ಉಳಿಯಿಂದ ಪದರ ಬಿಡಿಸಲು ನೋಡಿ. ಅಂಟಿನ ಗೆರೆಯಲ್ಲಿ ಬಿಟ್ಟುಕೊಂಡರೆ ಆ ಹಾಳೆ ಬೇಡ. ಅಂಚನ್ನು ಬೆಳಕಿಗೆ ಹಿಡಿದು ಒಳಪದರಗಳಲ್ಲಿ ಟೊಳ್ಳು ಇದೆಯೇ ನೋಡಿ. ಹಾಳೆ 2,440 × 1,220 ಮಿಲಿಮೀಟರ್ ಬರುವುದರಿಂದ ಉದ್ದಕ್ಕೆ ಜೋಡಿಸಲೇಬೇಕು. ಅಂಚುಗಳನ್ನು 8:1 ಇಳಿಜಾರಿನಲ್ಲಿ ಕೀಸಿ ಒಂದರ ಮೇಲೊಂದು ಅಂಟಿಸುತ್ತಾರೆ: 6 ಮಿಲಿಮೀಟರ್ ಹಾಳೆಗೆ 48 ಮಿಲಿಮೀಟರ್, 9ಕ್ಕೆ 72. ನಾಲ್ಕೈದು ಹಾಳೆಗಳನ್ನು ಮೆಟ್ಟಿಲಿನಂತೆ ಪೇರಿಸಿ ಒಟ್ಟಿಗೆ ಕೀಸಿದರೆ ಸಮಯವೂ ಉಳಿಯುತ್ತದೆ, ಇಳಿಜಾರೂ ಒಂದೇ ಸಮ ಬರುತ್ತದೆ. ಒಣ ಇಳಿಜಾರಿಗೆ ನೇರವಾಗಿ ಗಟ್ಟಿ ಅಂಟು ಹಾಕಬಾರದು. ಮೊದಲು ತೆಳು ಎಪಾಕ್ಸಿ (ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿ ಮಾಡುವ ಅಂಟು) ಕುಡಿಸಿ, ಹತ್ತು ನಿಮಿಷ ಬಿಟ್ಟು, ನಂತರ ಸಿಲಿಕಾ ಪುಡಿ ಬೆರೆಸಿ ದಪ್ಪ ಮಾಡಿದ್ದನ್ನು ಹಚ್ಚಬೇಕು. ಇಲ್ಲವಾದರೆ ಮರ ಅಂಟಿನ ರೆಸಿನ್ ಹೀರಿಕೊಂಡು ಕೀಲು ಒಣಗಿ ನಿಲ್ಲುತ್ತದೆ. ಹಾಳೆಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪನ್ನು ಜೀವ ಹೋಗುವಂತೆ ಬಿಗಿದರೂ ಇದೇ ಗತಿ, ಅಂಟೆಲ್ಲ ಹೊರಗೆ ಬರುತ್ತದೆ.

ಎಪಾಕ್ಸಿ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ರೆಸಿನ್–ಹಾರ್ಡನರ್ ಅನುಪಾತ ತಯಾರಕರು ಹೇಳಿದಷ್ಟೇ, 5:1 ಅಥವಾ 2:1. ಇದು ಅಳತೆಯಲ್ಲೋ ತೂಕದಲ್ಲೋ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ, ಎರಡೂ ಒಂದಲ್ಲ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕುವುದು ಪಾಲಿಯೆಸ್ಟರ್ ರೆಸಿನ್ ಬಳಸಿ ಬಂದವರ ಅಭ್ಯಾಸ. ಎಪಾಕ್ಸಿಯಲ್ಲಿ ಹೆಚ್ಚಾದ ಹಾರ್ಡನರ್ ಹಾಗೇ ಉಳಿದು ಮೈ ಮೆತ್ತಗಾಗುತ್ತದೆ. ವೇಗ ಬೇಕಾದರೆ ವೇಗದ ಹಾರ್ಡನರ್ ಕೊಳ್ಳಿ. ತಾಪಮಾನ 10 ಡಿಗ್ರಿ ಏರಿದರೆ ಗಟ್ಟಿಯಾಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ, ಅಗಲ ತಟ್ಟೆಗೆ ಸುರಿದರೆ ಕೆಲಸಕ್ಕೆ ಹೆಚ್ಚು ಸಮಯ ಸಿಗುತ್ತದೆ.

ಬರಿ ಮರಕ್ಕೆ ಮೊದಲ ಕೋಟ್ ಬಳಿಯುವುದು ಸಂಜೆ, ತಾಪಮಾನ ಇಳಿಯುತ್ತಿರುವಾಗ. ಬೆಳಿಗ್ಗೆ ಬಳಿದರೆ ಮರ ಬಿಸಿಯಾಗುತ್ತಾ ಒಳಗಿನ ಗಾಳಿ ಉಬ್ಬಿ ಹೊರಬರುತ್ತದೆ, ಮೈತುಂಬ ಗುಳ್ಳೆ, ಸೂಜಿತೂತು. ತಣಿಯುವ ಮರ ಅದೇ ರೆಸಿನ್ ಅನ್ನು ಒಳಗೆಳೆದುಕೊಳ್ಳುತ್ತದೆ. ಆದರೆ ತೀರಾ ತಡವಾಗಿ ಇಬ್ಬನಿ ಬೀಳುವ ಹೊತ್ತಿನಲ್ಲೂ ಬೇಡ. ತೇವದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಪದರ ಕೂರುತ್ತದೆ. ಅದನ್ನು ಮೊದಲು ನೀರು ಮತ್ತು ಒರಟು ಪ್ಯಾಡಿನಿಂದ ತೊಳೆಯಬೇಕು, ಆಮೇಲೆ 80 ನಂಬರಿನ ಸ್ಯಾಂಡ್ ಪೇಪರ್. ತೊಳೆಯದೆ ಉಜ್ಜಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ, ಮುಂದಿನ ಕೋಟ್ ವರ್ಷದೊಳಗೆ ಸಿಪ್ಪೆಯಾಗಿ ಏಳುತ್ತದೆ. ಮೈ ಇನ್ನೂ ಅಂಟಂಟಾಗಿ ಇರುವಾಗಲೇ ಮುಂದಿನ ಕೋಟ್ ಬಳಿದರೆ ಉಜ್ಜುವ ಕೆಲಸವೇ ಇಲ್ಲ.

ಒಡಲಿನ ಹೊರಮೈಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಬಟ್ಟೆ, ಮೂಲೆಗಳಿಗೂ ತಳದ ಗೆರೆಗೂ 450 ಗ್ರಾಮಿನ ಓರೆನೇಯ್ಗೆ ಪಟ್ಟಿ ಸಾಮಾನ್ಯ ಆಯ್ಕೆ, ನಿಮ್ಮ ನಕ್ಷೆ ಬೇರೆ ಹೇಳಿದರೆ ನಕ್ಷೆಯೇ ಸರಿ. ಕೈಯಿಂದ ಹಾಕುವಾಗ ಬಟ್ಟೆಯಷ್ಟೇ ತೂಕದ ರೆಸಿನ್ ಗುರಿಯಾಗಿರಲಿ. ಬಟ್ಟೆ ಪಾರದರ್ಶಕವಾದ ಮೇಲೆ ಹೆಚ್ಚಿನದ್ದನ್ನು ರಬ್ಬರ್ ಹಲಗೆಯಿಂದ ಎಳೆದು ತೆಗೆಯಿರಿ. ರೆಸಿನ್ನಿನಲ್ಲಿ ತೇಲುವ ಬಟ್ಟೆಯಿಂದ ಬಲ ಬರುವುದಿಲ್ಲ, ಭಾರ ಮಾತ್ರ. ಒಳಮೂಲೆಗಳ ತುಂಬುಗೆಗೆ ಮರದ ಹಿಟ್ಟು, ಅಂಟಿಗೆ ಸಿಲಿಕಾ, ನಯಗೊಳಿಸಲು ಮೈಕ್ರೋಬಲೂನ್ (ಟೊಳ್ಳು ಕಣಗಳ ಹಗುರ ಪುಡಿ). ಮೂರನೆಯದನ್ನು ಬಲ ಬೀಳುವ ಕೀಲಿಗೆ ಎಂದೂ ಬಳಸಬೇಡಿ.

ಇವೆಲ್ಲಕ್ಕಿಂತ ಮುಖ್ಯ, ಚರ್ಮ. ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿಕೊಂಡರೆ ಜೀವಮಾನವಿಡೀ ಇರುತ್ತದೆ, ಅರ್ಧ ಕಟ್ಟಿದ ದೋಣಿ ಅಲ್ಲೇ ನಿಲ್ಲುತ್ತದೆ. ನೈಟ್ರೈಲ್ ಕೈಗವಸು, ತೋಳು ಮುಚ್ಚುವ ಬಟ್ಟೆ, ಉಜ್ಜುವಾಗ ಒಳ್ಳೆಯ ಮಾಸ್ಕ್. ಕೈಯನ್ನು ಥಿನ್ನರಿನಲ್ಲಿ ತೊಳೆಯಬೇಡಿ, ಅದು ರೆಸಿನ್ ಅನ್ನು ಚರ್ಮದೊಳಕ್ಕೆ ಕೊಂಡೊಯ್ಯುತ್ತದೆ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯ ಧೂಳು ಎಲ್ಲಕ್ಕಿಂತ ಅಪಾಯ.

ಕೊಳೆತ ಪ್ಲೈವುಡ್ ದೋಣಿಯ ರೋಗ ಹುಡುಕಿದರೆ ಮೂಲ ಹೆಚ್ಚಾಗಿ ಒಂದು ಸ್ಕ್ರೂ ತೂತು. ಡೆಕ್ಕಿಗೆ ಬೋಲ್ಟ್ ಹಾಕುವಲ್ಲೆಲ್ಲ ಎರಡು ಪಟ್ಟು ದೊಡ್ಡ ತೂತು ಕೊರೆದು, ತಳಕ್ಕೆ ಟೇಪ್ ಅಂಟಿಸಿ, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಬೇಕು. ಆಗ ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ. ಬೇಸರ ತರುವ ಕೆಲಸ, ನೂರಾರು ತೂತುಗಳಿರುತ್ತವೆ. ಹಾಯಿಕಂಬದ ತಂತಿಗಳನ್ನು ಹಿಡಿಯುವ ಪಟ್ಟಿಗಳು 316 ಸ್ಟೇನ್‌ಲೆಸ್ ಆದರೂ ಅವನ್ನು ಮರದೊಳಗೆ ಹೂತಿಡಬೇಡಿ. ಆಮ್ಲಜನಕ ಸಿಗದ ಒದ್ದೆ ಜಾಗದಲ್ಲಿ ಸ್ಟೇನ್‌ಲೆಸ್ ಒಳಗೊಳಗೇ ತುಕ್ಕು ಹಿಡಿದು, ಹೊರಗೆ ಹೊಳೆಯುತ್ತಲೇ ಮುರಿಯುತ್ತದೆ. ಕಣ್ಣಿಗೆ ಕಾಣುವಂತೆ ಹೊರಗೆ ಕೂರಿಸಿ. ಡೆಕ್ಕಿಗೆ ಬಿಳಿ ಅಥವಾ ತಿಳಿ ಬಣ್ಣವೇ ಇರಲಿ. ಸಾಮಾನ್ಯ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ, ಬಿಸಿಲಿನಲ್ಲಿ ಗಾಢ ಬಣ್ಣದ ಡೆಕ್ ಅದನ್ನು ಸುಲಭವಾಗಿ ದಾಟುತ್ತದೆ.

ಒಡಲುಗಳನ್ನು ಬೇರೆ ಬೇರೆಯಾಗಿ ಕಟ್ಟಿ ನೀರಿನ ಹತ್ತಿರ ಜೋಡಿಸುವುದೇ ಜಾಣತನ, ಐದಾರು ಮೀಟರ್ ಅಗಲದ ದೋಣಿ ರಸ್ತೆಯಲ್ಲಿ ಸಾಗುವುದು ಕಷ್ಟ. ಜೋಡಿಸುವಾಗ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ನಾಲ್ಕೂ ತುದಿಗಳ ಮಟ್ಟ ನೋಡಿ, ಮೂತಿಯಿಂದ ಎದುರು ಒಡಲಿನ ಹಿಂತುದಿಗೆ ಎರಡೂ ಕರ್ಣಗಳನ್ನು ಅಳೆಯಿರಿ. ಕರ್ಣಗಳು ಸಮವಾಗದಿದ್ದರೆ ಒಂದು ಒಡಲು ಮುಂದೆ ಸರಿದಿರುತ್ತದೆ. ಮೂತಿಗಳ ನಡುವಿನ ಅಂತರವೂ ಹಿಂತುದಿಗಳ ನಡುವಿನದ್ದೂ ನಕ್ಷೆಯಂತೆ ಇಲ್ಲದಿದ್ದರೆ ಒಡಲುಗಳು ಜೀವನಪೂರ್ತಿ ಒಂದನ್ನೊಂದು ಎಳೆದಾಡುತ್ತವೆ. ಮುಂತುದಿಗಳಲ್ಲಿ ನೀರು ನುಗ್ಗದ ಅಡ್ಡಗೋಡೆ, ಮಗುಚಿದರೂ ಹೊರಬರಲು ಪ್ರತಿ ಒಡಲಿಗೂ ಒಂದು ತುರ್ತು ಕಿಂಡಿ, ಇವೆರಡನ್ನೂ ನಕ್ಷೆಯ ಹಂತದಲ್ಲೇ ಸೇರಿಸಿ. ಮಗುಚಿದ ಕ್ಯಾಟಮರನ್ ತಾನಾಗಿ ಎದ್ದು ನಿಲ್ಲುವುದಿಲ್ಲ. ಅಡಿಭಾರವಿಲ್ಲದ ಮರದ ದೋಣಿ ತೇಲುತ್ತಿರುತ್ತದೆ ಎಂಬುದಷ್ಟೇ ಸಮಾಧಾನ.

ಹಾಯಿ ಯಾವಾಗ ಇಳಿಸಬೇಕು ಎಂಬುದಕ್ಕೂ ಲೆಕ್ಕವಿದೆ. 4,500 ಕಿಲೋ ದೋಣಿ, ಒಡಲುಗಳ ನಡುಗೆರೆಗಳ ಅಂತರ 4.2 ಮೀಟರ್: ನೇರ ನಿಲ್ಲಿಸುವ ಗರಿಷ್ಠ ತಿರುಗುಬಲ ತೂಕ ಗುಣಿಸು ಅಂತರದ ಅರ್ಧ, 4,500 × 2.1, ಅಂದರೆ 9,450 (ಕಿಲೋ × ಮೀಟರ್). 60 ಚದರ ಮೀಟರ್ ಹಾಯಿಯ ಕೇಂದ್ರ 7 ಮೀಟರ್ ಎತ್ತರದಲ್ಲಿದ್ದರೆ ದೋಣಿಯ ಮೇಲೆ ಬೀಸುವ ಗಾಳಿ 34 ನಾಟ್ ಮುಟ್ಟಿದಾಗ ಗಾಳಿಕಡೆಯ ಒಡಲು ನೀರು ಬಿಡುತ್ತದೆ. ಗಾಳಿಯ ಬಲ ವೇಗದ ವರ್ಗದಂತೆ ಏರುವುದರಿಂದ, ಶೇಕಡಾ 40 ಹೆಚ್ಚಿನ ಬಿರುಸು ಬಂದರೆ ಬಲ ಎರಡರಷ್ಟು. ಹಾಗಾಗಿ 24 ನಾಟ್ ಸ್ಥಿರ ಗಾಳಿಯೇ ಅಂಚು, ಅಲೆಗೆ ಜಾಗ ಬಿಟ್ಟರೆ 18ಕ್ಕೆ ಮೊದಲ ರೀಫ್, ಅಂದರೆ ಹಾಯಿಯನ್ನು ಒಂದಿಷ್ಟು ಇಳಿಸಿ ಕಿರಿದು ಮಾಡುವುದು. ಒಂಟಿ ಒಡಲಿನ ದೋಣಿ ವಾಲಿ ಎಚ್ಚರಿಸುತ್ತದೆ, ಕ್ಯಾಟಮರನ್ ವಾಲುವುದಿಲ್ಲ, ಗಾಳಿಮಾಪಕದ ಅಂಕಿಯನ್ನೇ ನಂಬಬೇಕು. ಗಾಳಿಯ ಜೊತೆ ಓಡುವಾಗ ದೋಣಿಯ ವೇಗ ಕಳೆದು ಅಂಕಿ ಕಡಿಮೆ ಕಾಣುತ್ತದೆ, ಆಗ ನಿಜಗಾಳಿಯನ್ನು ನೋಡಿ ಇಳಿಸಿ.

ವೈರಿಂಗ್‌ಗೆ ತವರ ಲೇಪಿಸಿದ ತಾಮ್ರದ ತಂತಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್. ಲಿಥಿಯಂ ಬ್ಯಾಟರಿಯನ್ನು ಇಂಜಿನ್ನಿನ ಆಲ್ಟರ್ನೇಟರಿಗೆ (ವಿದ್ಯುತ್ ಉತ್ಪಾದಕಕ್ಕೆ) ನೇರ ಜೋಡಿಸಿದರೆ ಆಲ್ಟರ್ನೇಟರ್ ಪೂರ್ಣ ಬಲದಲ್ಲಿ ದುಡಿದು ಸುಟ್ಟುಹೋಗುತ್ತದೆ, ನಡುವೆ ನಿಯಂತ್ರಕ ಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸಿಲಿಂಡರ್ ಗೂಡಿನ ತಳದ ತೂತು ಹೊರಗೆ ತೆರೆದಿರಲಿ.

ಕೊನೆಗೆ ಹೊರೆ. ಇಬ್ಬರಿಗೆ ದಿನಕ್ಕೆ ತಲಾ 5 ಲೀಟರಿನಂತೆ 30 ದಿನಕ್ಕೆ ನೀರು 300 ಕಿಲೋ, ಆಹಾರ 150, ಜನ 150, ಲಂಗರು ಮತ್ತು 8 ಮಿಲಿಮೀಟರ್ ಸರಪಳಿ 50 ಮೀಟರ್ ಸೇರಿ 90, ಸಣ್ಣ ದೋಣಿ 70, ಉಪಕರಣ ಮತ್ತು ಬಿಡಿಭಾಗ 100, ಇಂಧನ 80, ಜೀವರಕ್ಷಕ ತೆಪ್ಪ 40. ಒಟ್ಟು 980. ಭಾರವೆಲ್ಲ ನಡುವೆ ಇರಲಿ, ಮೂತಿ ಹಗುರವಾಗಿರಲಿ. ನೀರನ್ನು ಎರಡು ಒಡಲಿಗೂ ಹಂಚಿ, ಒಂದು ಕೆಟ್ಟರೆ ಇನ್ನೊಂದು ಉಳಿಯುವಂತೆ ಬೇರೆ ಬೇರೆ ಟ್ಯಾಂಕಿನಲ್ಲಿಡಿ. ಪೂರ್ತಿ ಹೇರಿದ ಸ್ಥಿತಿಯಲ್ಲೇ ಪ್ರಾಯೋಗಿಕ ಯಾನ ಮಾಡಬೇಕು, ಖಾಲಿ ದೋಣಿಯ ಚುರುಕು ಏನನ್ನೂ ಹೇಳುವುದಿಲ್ಲ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ. ದಿನಕ್ಕೆ 135 ಸಾಗಿದರೆ 20 ದಿನ. ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇರುವುದರಿಂದ ಕೆನರಿಯಿಂದ ಹೊರಡುವುದು ನವೆಂಬರ್ ಕೊನೆಯ ನಂತರ. ಅಷ್ಟೂ ದಿನ ಚುಕ್ಕಾಣಿ ಹಿಡಿಯುವುದು ಆಟೋಪೈಲಟ್. ಗಾಳಿಯಿಂದ ನಡೆಯುವ ಚುಕ್ಕಾಣಿ ಯಂತ್ರ ಕ್ಯಾಟಮರನ್‌ಗೆ ಅಷ್ಟು ಒಗ್ಗದು, ವೇಗ ಏರಿಳಿದಂತೆ ಅದು ಅನುಸರಿಸುವ ಗಾಳಿಯ ದಿಕ್ಕೇ ಬದಲಾಗುತ್ತದೆ. ಆದ್ದರಿಂದ ಮೋಟಾರು, ಕಂಪ್ಯೂಟರ್, ದಿಕ್ಸೂಚಿ ಸಹಿತ ಎರಡನೇ ಆಟೋಪೈಲಟ್ ಒಂದನ್ನು ಬರೀ ಪೆಟ್ಟಿಗೆಯಲ್ಲಿ ಇಡದೆ, ವೈರ್ ಎಳೆದು ಜೋಡಿಸಿ, ಸ್ವಿಚ್ ತಿರುಗಿಸಿದರೆ ನಡೆಯುವಂತೆ ಇಟ್ಟುಕೊಳ್ಳಿ.