ಜೀಪಿನ ಎಂಜಿನ್ ಇಳಿಯಿತು: ಶೆಡ್ಡಿನ ದಿನಚರಿ, ನಾಲ್ಕನೆಯ ಕಂತು

ಬಾನೆಟ್, ರೇಡಿಯೇಟರ್, ಸೈಲೆನ್ಸರ್ ಎಲ್ಲ ಬಿಚ್ಚಿಟ್ಟು, ಮುಂದಿನ ವಾರ ಎಂಜಿನ್ ಇಳಿಸುತ್ತೇನೆ ಎಂದು ಜೂನ್‌ನಲ್ಲಿ ಬರೆದಿದ್ದೆ. ಆ ಮುಂದಿನ ವಾರ ಬರಲು ಐದು ತಿಂಗಳು ಹಿಡಿಯಿತು. ಮಳೆಯನ್ನು ದೂರಬಹುದಿತ್ತು, ಸುಂಟಿಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕೆಲಸ ನಿಂತರೂ ಮಳೆಯ ತಲೆಗೆ ಕಟ್ಟಿ ಪಾರಾಗುವುದು ವಾಡಿಕೆ. ಆದರೆ ಈ ಸಲ ಕೆಲಸ ಕೆಡಿಸಿದ್ದು ಒಂದು ಅಗ್ಗದ ಲಿವರ್ ಹಾಯ್ಸ್ಟ್ (ಲಿವರ್ ಆಡಿಸಿ ಚೈನಿನಿಂದ ಭಾರ ಎತ್ತಿ ಇಳಿಸುವ ಕೈಸಾಧನ), ಮತ್ತು ಅದಕ್ಕೆ ಎಣ್ಣೆ ಬಿಟ್ಟ ನಾನು.

ಆಗಸ್ಟ್ ಕೊನೆಯ ವಾರ

ಚೈನ್ ಪುಲ್ಲಿ ಬಿಟ್ಟು ಲಿವರ್ ಹಾಯ್ಸ್ಟ್ ಏಕೆ ಎಂದು ಮೇಸ್ತ್ರಿ ಮೊದಲೇ ಕೇಳಿದ್ದರು. ಚೈನ್ ಪುಲ್ಲಿ ನೆಟ್ಟಗೆ ತೂಗಿ, ನೆಟ್ಟಗೆ ಎತ್ತಬೇಕು. ಲಿವರಿನದು ಹಾಗಲ್ಲ, ಅಡ್ಡಕ್ಕೂ ಎಳೆಯುತ್ತದೆ, ಓರೆಯಾಗಿಯೂ ಎಳೆಯುತ್ತದೆ. ಮುಂದೆ ಒಂದು ಹಳೆಯ ಲೇತ್ ತಂದು ಹೊಸಿಲು ದಾಟಿಸಿ ಒಳಗೆ ಎಳೆಯುವ ಆಸೆಯೂ ನನಗಿದೆ. ಅವರು ತಲೆಯಾಡಿಸಿದರು. ಆದರೆ ನಾನು ತಂದಿದ್ದ ಹಾಯ್ಸ್ಟನ್ನು ಕೈಯಲ್ಲಿ ಹಿಡಿದು ನೋಡಿ ಏನೂ ಹೇಳಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಗೇರ್‌ಬಾಕ್ಸ್ ಬೇರ್ಪಡಿಸಿ ಎಂಜಿನ್ ಮಾತ್ರ ಎತ್ತಿದೆವು. ಎತ್ತುವಾಗ ಏನೂ ತೊಂದರೆಯಾಗಲಿಲ್ಲ. ಜೀಪನ್ನು ಹಿಂದಕ್ಕೆ ತಳ್ಳಿ ಇಳಿಸಲು ಶುರು ಮಾಡಿದೆ. ನಾಲ್ಕನೆಯ ಎಳೆತಕ್ಕೋ ಐದನೆಯದಕ್ಕೋ ಲಿವರ್ ಕೈಯಲ್ಲಿ ಥಟ್ಟನೆ ಹಗುರವಾಯಿತು. ಚೈನು ಜರ್ರನೆ ಜಾರಿತು. ಎಂಜಿನ್ ಅರ್ಧ ಅಡಿ ಬಿದ್ದು, ಮೇಸ್ತ್ರಿ ಅಡಿಯಲ್ಲಿ ಪೇರಿಸಿದ್ದ ಎರಡು ಹಳೆಯ ಟೈರುಗಳ ಮೇಲೆ ಕುಳಿತಿತು. ತೂಗುವ ಭಾರದ ಕೆಳಗೆ ಟೈರಿಲ್ಲದೆ ಅವರು ಕೆಲಸ ಮಾಡುವುದೇ ಇಲ್ಲ. ನಾವಿಬ್ಬರೂ ಪಕ್ಕದಲ್ಲಿದ್ದೆವು, ಯಾರ ಕಾಲಿಗೂ ಏನೂ ಆಗಲಿಲ್ಲ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪ್ ಮಾತ್ರ ಒಂದು ಮೂಲೆಯಲ್ಲಿ ನೆಗ್ಗಿತು.

ಸಂಜೆ ಹಾಯ್ಸ್ಟಿನ ಮುಚ್ಚಳ ತೆಗೆದು ನೋಡಿದಾಗ ಬ್ರೇಕ್ ಬಿಲ್ಲೆಗಳ ಮೇಲೆ ಎಣ್ಣೆ ಪಳಪಳ ಹೊಳೆಯುತ್ತಿತ್ತು. ಹಾಕಿದವನು ನಾನೇ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಸಮೀಪಿಸಿದಂತೆ ಪಕ್ಕದ ಮನೆಯ ಜಗಲಿಯಲ್ಲಿ ಕೋವಿಗೆ ಎಣ್ಣೆ ಒರೆಸುವುದನ್ನು ನೋಡುತ್ತ ಬೆಳೆದವನು. ಕೊಡಗಿನ ಮಳೆಗಾಲದಲ್ಲಿ ಕಬ್ಬಿಣದ ಸಾಮಾನು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತದೆ. ಕತ್ತಿಗೆ ಸರಿ, ಕೋವಿಗೆ ಸರಿ, ಈ ಬ್ರೇಕಿಗೆ ಮಾತ್ರ ಅದು ವಿಷ.

ಒಳಗಿನ ಕೆಲಸ ಹೀಗಿದೆ. ಲಿವರಿನ ಗಾಲಿ ಒಂದು ಮರೆಯ, ಅಂದರೆ ಸ್ಕ್ರೂವಿನಂಥ ತಿರುಪಿನ, ಮೇಲೆ ಕೂತಿರುತ್ತದೆ. ಭಾರ ಕೆಳಗೆ ಎಳೆದಷ್ಟೂ ಆ ಮರೆ ಬಿಗಿದು, ಘರ್ಷಣೆಯ ಬಿಲ್ಲೆಗಳನ್ನು ನಡುವಿನ ಹಲ್ಲುಚಕ್ರಕ್ಕೆ ಒತ್ತುತ್ತದೆ. ಹಲ್ಲುಚಕ್ರ ಹಿಂದಕ್ಕೆ ತಿರುಗದಂತೆ ಒಂದು ಕೊಂಡಿ ಅಡ್ಡ ನಿಲ್ಲುತ್ತದೆ. ಅಂದರೆ ಭಾರವನ್ನು ಹಿಡಿದಿಡುವುದು ಆ ಭಾರವೇ. ಇಳಿಸುವಾಗ ಲಿವರ್ ಮರೆಯನ್ನು ಕೂದಲೆಳೆಯಷ್ಟು ಸಡಿಲಿಸುತ್ತದೆ, ಭಾರ ಅಷ್ಟೇ ಇಳಿದು ಮತ್ತೆ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಬಿಲ್ಲೆಗಳು ಒಣಗಿರಬೇಕು. ಎಣ್ಣೆ ಬೇಕಾದದ್ದು ಚೈನಿಗೆ, ಅದೂ ಒರೆಸಿದಂತೆ ತೆಳುವಾಗಿ.

ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೊಳ್ಳಲು ಸಿದ್ಧನಿದ್ದೆ. ಆದರೆ ಬಿಚ್ಚುತ್ತ ಹೋದಂತೆ ಹಾಯ್ಸ್ಟಿನ ಬಣ್ಣವೂ ಬಯಲಾಯಿತು. ಅಡ್ಡ ನಿಲ್ಲುವ ಕೊಂಡಿ ಒಂದೇ ಇತ್ತು, ಅದರ ಸ್ಪ್ರಿಂಗ್ ಆಗಲೇ ತುಕ್ಕು ಹಿಡಿದು ಸೋತಿತ್ತು. ಒಳ್ಳೆಯ ಹಾಯ್ಸ್ಟ್‌ಗಳಲ್ಲಿ ಎರಡು ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು. ಚೈನಿನ ಕೊಂಡಿಗಳನ್ನು ಟಾರ್ಚ್ ಹಿಡಿದು ಒಂದೊಂದಾಗಿ ನೋಡಿದೆ, ಎಲ್ಲಿಯೂ ಗುರುತಿಲ್ಲ. ಭಾರ ಎತ್ತಲು ಬಳಸುವ ಗಟ್ಟಿ ಉಕ್ಕಿನ ಗ್ರೇಡ್ 80ರ ಚೈನಾಗಿದ್ದರೆ ಅಲ್ಲಲ್ಲಿ 8 ಎಂದೋ ಟಿ ಎಂದೋ ಅಚ್ಚೊತ್ತಿರಬೇಕಿತ್ತು. ಮರುದಿನ ಮೇಸ್ತ್ರಿ ಕೇಳದೆಯೇ ಗ್ರೈಂಡರ್ ತೆಗೆದುಕೊಂಡು ಅದರ ಕೊಕ್ಕೆಯನ್ನು ಕತ್ತರಿಸಿ ಹಾಕಿದರು. ಇಲ್ಲದಿದ್ದರೆ ನಾಳೆ ಯಾರಾದರೂ ಸಿಲ್ವರ್ ಓಕ್ ಮರ ಎಳೆಯಲು ಇದನ್ನು ಕೇಳಿಕೊಂಡು ಬರುತ್ತಾರೆ, ನೀವು ಇಲ್ಲ ಎನ್ನುವವರಲ್ಲ ಎಂದರು.

ಅಕ್ಟೋಬರ್, ಕುಶಾಲನಗರ ಮತ್ತು ಮೈಸೂರು

ಕುಶಾಲನಗರದ ಅಂಗಡಿಯಲ್ಲಿ ಎರಡು ನೋಡಿದೆ, ಎರಡೂ ಹಳೆಯದರ ತಮ್ಮಂದಿರು. ಮೈಸೂರಿಗೆ ಹೋಗಲೇಬೇಕಾಯಿತು. ಅಲ್ಲಿ ಮುಕ್ಕಾಲು ಟನ್, ಒಂದೂವರೆ ಟನ್, ಮೂರು ಟನ್ ಸಾಲಾಗಿ ತೂಗುತ್ತಿದ್ದವು. ಮೇಸ್ತ್ರಿಗೆ ಒಂದೂವರೆ ಟನ್ನಿನದೇ ಬೇಕು. ದೊಡ್ಡದಿದ್ದರೆ ಚಿಕ್ಕದನ್ನೂ ಎತ್ತುತ್ತದೆ ಎಂಬುದು ಅವರ ವಾದ. ನನ್ನ ಲೆಕ್ಕ ಬೇರೆ. ನಮ್ಮ ಎಂಜಿನ್ ಕಾಲು ಟನ್ನಿನ ಆಸುಪಾಸು. ಮುಕ್ಕಾಲು ಟನ್ನಿನ ಹಾಯ್ಸ್ಟ್ ಏಳು ಕಿಲೋದಷ್ಟು ತೂಗುತ್ತದೆ, ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಸಿಕ್ಕಿಸಬಹುದು. ಒಂದೂವರೆಯದು ಹನ್ನೊಂದು ಕಿಲೋ ಮುಟ್ಟುತ್ತದೆ. ಅಲ್ಲದೆ ಭಾರವೇ ಬ್ರೇಕನ್ನು ಬಿಗಿಯುವುದರಿಂದ, ದೊಡ್ಡ ಹಾಯ್ಸ್ಟಿಗೆ ತೀರಾ ಹಗುರವಾದದ್ದನ್ನು ಕಟ್ಟಿದರೆ ಅದು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ. ಲೇತ್ ಬಂದ ದಿನ ನೋಡಿಕೊಳ್ಳೋಣ ಎಂದೆ. ಅವರು ಇನ್ನೂ ಒಪ್ಪಿಲ್ಲ.

ಅಂಗಡಿಯವರು ತಾಳ್ಮೆಯವರು. ಒಂದು ಗಂಟೆ ಹೊತ್ತು ಬರಿದೇ ಲಿವರ್ ಆಡಿಸಿ ಕಿವಿಗೊಟ್ಟು ನಿಂತಿದ್ದೆ. ದಿಕ್ಕು ಬದಲಿಸುವ ಗುಂಡಿಯನ್ನು ಎತ್ತುವ ಕಡೆಗೆ ಇಟ್ಟು ಲಿವರ್ ಆಡಿಸಿದರೆ ಹೋಗುವಾಗ ಬ್ರೇಕಿನ ಕೊಂಡಿಗಳ ಟಿಕ್ ಟಿಕ್, ಬರುವಾಗ ಲಿವರಿನದೇ ಟಿಕ್ ಟಿಕ್, ಎರಡೂ ಕೇಳಬೇಕು. ಇಳಿಸುವ ಕಡೆಗೆ ಹೊರಳಿಸಿದರೆ ಹೋಗುವಾಗ ಮೌನ, ಬರುವಾಗ ಮಾತ್ರ ಸದ್ದು. ಒಂದರಲ್ಲಿ ಎತ್ತುವ ಕಡೆಯ ಟಿಕ್ ನಡುನಡುವೆ ನುಂಗಿಹೋಗುತ್ತಿತ್ತು. ಅದನ್ನು ಪಕ್ಕಕ್ಕಿಟ್ಟೆ. ಇನ್ನೊಂದರಲ್ಲಿ ಆ ಗುಂಡಿಯನ್ನು ನಡುವಿಗೆ ತಂದು ಚೈನನ್ನು ಕೈಯಿಂದ ಎಳೆದರೆ ಎರಡು ಅಡಿ ಬಂದು ಗಕ್ಕನೆ ನಿಲ್ಲುತ್ತಿತ್ತು. ಭಾರವಿಲ್ಲದಾಗ ಚೈನು ಸರಾಗವಾಗಿ ಓಡದಿದ್ದರೆ ಪ್ರತಿ ಸಲ ಕೊಕ್ಕೆ ಸಿಕ್ಕಿಸುವುದೇ ಒಂದು ಜಗಳವಾಗುತ್ತದೆ.

ಕೊನೆಗೆ ಕೊಂಡದ್ದರ ಕೊಕ್ಕೆಯ ಬಾಯಿಯ ಎರಡು ಬದಿಗೂ ಸಣ್ಣ ಚುಕ್ಕೆ ಹೊಡೆದಿದ್ದಾರೆ. ಆ ಚುಕ್ಕೆಗಳ ನಡುವಿನ ಅಂತರವನ್ನು ಹೊಸದಿರುವಾಗಲೇ ವರ್ನಿಯರ್‌ನಿಂದ ಅಳೆದು ಬರೆದಿಟ್ಟೆ. ಅತಿಭಾರ ಬಿದ್ದರೆ ಒಳ್ಳೆಯ ಕೊಕ್ಕೆ ಮುರಿಯುವ ಮೊದಲು ಬಾಯಿ ಬಿಡುತ್ತದೆ, ಅಂತರ ಹೆಚ್ಚಿದರೆ ಯಾರೋ ಏನೋ ಮಾಡಿದ್ದಾರೆ ಎಂದೇ ಅರ್ಥ. ಚೈನು 6 ಮಿ.ಮೀ., ಗುರುತು ಇದೆ. ಪೆಟ್ಟಿಗೆಯೊಳಗೆ ಪರೀಕ್ಷಾ ಪತ್ರವಿತ್ತು, ಅದರಲ್ಲಿದ್ದ ಸಂಖ್ಯೆಯೂ ಮೈಮೇಲೆ ಕೊರೆದದ್ದೂ ಒಂದೇ. ಹಳೆಯದರ ಮೂರು ಪಟ್ಟು ದುಡ್ಡು ಕೊಟ್ಟೆ. ಮನೆಯಲ್ಲಿ ಎರಡು ಪಟ್ಟು ಎಂದು ಹೇಳಿದ್ದೇನೆ.

ತೊಲೆ

ಹಾಯ್ಸ್ಟ್ ಎಷ್ಟೇ ಒಳ್ಳೆಯದಿರಲಿ, ತೂಗುವುದು ಎಲ್ಲಿಗೆ? ಶೆಡ್ಡಿನ ಮರದ ಜಂತಿಯನ್ನು ನಂಬುವ ಧೈರ್ಯ ನನಗಿಲ್ಲ. ನಮ್ಮಲ್ಲಿ ಹಲಸಿನ ಕೊಂಬೆಗೆ ಪುಲ್ಲಿ ಕಟ್ಟುವವರಿಗೆ ಕಡಿಮೆಯಿಲ್ಲ, ಆ ದಾರಿಯೂ ಬೇಡವೆನಿಸಿತು. 150 ಮಿ.ಮೀ. ಎತ್ತರದ, ಇಂಗ್ಲಿಷಿನ ಐ (I) ಆಕಾರದ ಉಕ್ಕಿನ ತೊಲೆಯೊಂದನ್ನು 3 ಮೀಟರ್ ಅಂತರದ ಎರಡು ಕಾಲುಗಳ ಮೇಲೆ ಕೂರಿಸಿದೆವು. ತೊಲೆ ಮೀಟರಿಗೆ 15 ಕಿಲೋ ತೂಗುತ್ತದೆ. ನಡುವೆ ಮುಕ್ಕಾಲು ಟನ್ ತೂಗಿದರೆ ಲೆಕ್ಕದ ಪ್ರಕಾರ 3 ಮಿ.ಮೀ.ನಷ್ಟು ಬಾಗಬೇಕು. ವೆಲ್ಡಿಂಗ್ ಮೇಸ್ತ್ರಿಯದು, ಬಣ್ಣ ನನ್ನದು. ಯಾವುದು ಚೆನ್ನಾಗಿದೆ ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ.

ಆಯುಧಪೂಜೆಯ ದಿನ ಹೊಸ ಹಾಯ್ಸ್ಟಿಗೂ ಕುಂಕುಮ ಬಿತ್ತು. ಮುಚ್ಚಳದ ಮೇಲೆ ಮಾತ್ರ, ಚೈನಿಗೆ ಬೇಡ ಎಂದು ಅಮ್ಮನ ಕೈ ಹಿಡಿದು ಹೇಳಬೇಕಾಯಿತು.

ಮರುವಾರ ಪರೀಕ್ಷೆ. ತೋಟಕ್ಕೆ ತರಿಸಿದ್ದ ಗೊಬ್ಬರ ಕಣದ ಪಕ್ಕ ಇತ್ತು. ಯೂರಿಯಾ ಮೂಟೆ ಈಗ 45 ಕಿಲೋ, ಪೊಟ್ಯಾಷ್ 50, ಹಾಗಾಗಿ ಲೆಕ್ಕ ಸುಲಭವಾಗಲೆಂದು ಆರು ಮೂಟೆ ಪೊಟ್ಯಾಷನ್ನೇ ಹಲಗೆಯ ಮೇಲೆ ಜೋಡಿಸಿ ಬೆಲ್ಟಿನಿಂದ ಕಟ್ಟಿದೆವು. ಹಾಯ್ಸ್ಟಿನ ಚೈನನ್ನೇ ಭಾರಕ್ಕೆ ಸುತ್ತುವುದು ನಿಷಿದ್ಧ, ಅದಕ್ಕೆ ಬೇರೆ ಬೆಲ್ಟೇ ಬೇಕು. ಅರ್ಧ ಅಡಿ ಎತ್ತಿ, ಹಲಗೆಯ ಅಂಚಿನ ಮಟ್ಟಕ್ಕೆ ತೊಲೆಯ ಕಾಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕಾಫಿ ಕುಡಿಯಲು ಹೋದೆವು. ಅರ್ಧ ಗಂಟೆ ಬಿಟ್ಟು ಬಂದರೆ ಗೆರೆ ಅಲ್ಲೇ, ಹಲಗೆ ಅಲ್ಲೇ. ಮೇಸ್ತ್ರಿ ಬಗ್ಗಿ ಎರಡು ಸಲ ನೋಡಿದರು. ಆಮೇಲೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಹತ್ತು ಸಲ ಮಾಡಿದೆ. ಲಿವರನ್ನು ಕಾಲು ಸುತ್ತು ತಂದರೆ ಆರೇಳು ಮಿ.ಮೀ. ಇಳಿಯುತ್ತದೆ, ಪ್ರತಿ ಸಲವೂ ಅಷ್ಟೇ.

ನವೆಂಬರ್

ಕಾಫಿ ಕೊಯ್ಲು ಶುರುವಾದರೆ ಜೀಪನ್ನು ಯಾರೂ ತಿರುಗಿ ನೋಡುವುದಿಲ್ಲ ಎಂದು ಮೊದಲ ಬಿಸಿಲಿನ ಭಾನುವಾರವೇ ಕೈ ಹಾಕಿದೆವು. ಟೈರುಗಳು ಈ ಸಲವೂ ಅಡಿಯಲ್ಲಿದ್ದವು. ಟೈರಿನ ಮೇಲಿಂದ ಎಂಜಿನ್ ಎತ್ತಿ, ಸ್ಟ್ಯಾಂಡನ್ನು ಎದುರಿಗೆ ತಳ್ಳಿಕೊಂಡು ಬಂದೆವು. ಸ್ಟ್ಯಾಂಡಿನ ನಾಲ್ಕು ತೂತು, ಬ್ಲಾಕಿನ ಹಿಂಬದಿಯ ನಾಲ್ಕು ತೂತು, ಇವು ಒಂದಕ್ಕೊಂದು ಎದುರಾಗಬೇಕು. ಎತ್ತುವುದನ್ನು ಹಗ್ಗ ಹಿಡಿದ ನಾಲ್ಕು ಆಳೂ ಮಾಡುತ್ತಾರೆ, ದುಡ್ಡು ಕೊಟ್ಟದ್ದು ಈ ಕೊನೆಯ ಅಂಗುಲಕ್ಕೆ. ಮೇಸ್ತ್ರಿ ತೂತಿಗೆ ಕಣ್ಣಿಟ್ಟು, ಇನ್ನು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುತ್ತಿದ್ದರು. ಲಿವರನ್ನು ಒಂದೊಂದೇ ಹಲ್ಲು ಇಳಿಸಿದೆ. ಸ್ಪಾನರ್ ಬೇಕೇ ಎಂದು ಕೇಳುವಷ್ಟರಲ್ಲಿ ಅವರು ಮೊದಲ ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ಒಳಗೆ ಬಿಟ್ಟಾಗಿತ್ತು.

ಹಾಯ್ಸ್ಟನ್ನು ಒರೆಸಿ ಪ್ಲೈವುಡ್ ಪೆಟ್ಟಿಗೆಯಲ್ಲಿ ತೂಗುಹಾಕಿದ್ದೇನೆ. ಮಳೆಗಾಲಕ್ಕೆ ಅದರೊಳಗೆ ಒಂದು ಸಣ್ಣ ಬಲ್ಬ್ ಹಾಕಬೇಕು. ಎಣ್ಣೆ ಡಬ್ಬಿಯನ್ನು ಮೇಸ್ತ್ರಿ ಶೆಡ್ಡಿನ ಇನ್ನೊಂದು ತುದಿಗೆ ಸಾಗಿಸಿದ್ದಾರೆ. ಮುಂದಿನ ಕಂತಿನಲ್ಲಿ ಹೆಡ್ ಬಿಚ್ಚುವುದು, ಮತ್ತು ನೆಗ್ಗಿದ ಸಂಪ್ ತಟ್ಟುವುದು.